ಎಳೆಯ ಬೆರಳು ಎಂಬ ಹಳೆಯ ನೆಪ

ಹೈದರಾಬಾದಿನ ಚಾರ್‌ಮಿನಾರ್ ಬುಡದಿಂದ ಪಶ್ಚಿಮಕ್ಕೆ ಹೊರಡುವ ಲಾಡ್ ಬಜಾರ್ ಬೀದಿ ಕಲಬುರಗಿ, ಬೀದರ, ರಾಯಚೂರಿನ ಮನೆಗಳಿಗೆ ಹೊಸದಲ್ಲ. 1956ರವರೆಗೆ ಈ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿಯಾಗಿತ್ತು. ರಾಜ್ಯ ಬೇರೆಯಾದ ಮೇಲೂ ಮದುವೆಯ ಬಳೆಗೆ ಅಲ್ಲಿಗೇ ಹೋಗುವ ರೂಢಿ ಎಷ್ಟೋ ಮನೆಗಳಲ್ಲಿ ಉಳಿದುಕೊಂಡಿತು. ಅಲ್ಲಿನ ಹೆಸರುವಾಸಿ ಸರಕು ಅರಗಿನ ಬಳೆ. ಅರಗನ್ನು ಕೆಂಡದ ಮೇಲೆ ಕರಗಿಸಿ, ಬಣ್ಣ ಕಲಸಿ, ನಾದಿ, ಉದ್ದನೆಯ ಕಡ್ಡಿಯಾಗಿ ಹೊಸೆದು ಬಳೆಯಾಗಿ ಬಾಗಿಸುತ್ತಾರೆ. ಅರಗು ಆರಿ ಗಟ್ಟಿಯಾಗುವ ಮೊದಲು ಗಾಜಿನ ಹರಳುಗಳನ್ನು ಒಂದೊಂದಾಗಿ ಕೂರಿಸಬೇಕು. ಕೆಲವು ಹರಳುಗಳು ಸಾಸಿವೆಯಷ್ಟೇ ಸಣ್ಣವು. ಒಂದು ಬಳೆಗೆ ನೂರಾರು ಹರಳು ಹಿಡಿಯುವುದೂ ಉಂಟು.

2015ರ ಜನವರಿ ಕೊನೆಯಲ್ಲಿ ಹೈದರಾಬಾದ್ ಪೊಲೀಸರು ಹಳೇ ಊರಿನ ಭವಾನಿ ನಗರ, ತಲಾಬ್ ಕಟ್ಟಾ ಸುತ್ತಲಿನ ಗಲ್ಲಿಗಳನ್ನು ಸುತ್ತುವರಿದು ಮನೆಮನೆ ಶೋಧಿಸಿದರು. ಬಳೆ ಮತ್ತಿತರ ಸಣ್ಣ ಕಾರ್ಖಾನೆಗಳಿಂದ ಇನ್ನೂರಕ್ಕೂ ಹೆಚ್ಚು ಮಕ್ಕಳು ಹೊರಬಂದರು. ಹೆಚ್ಚಿನವರು ಬಿಹಾರದವರು. ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೂತು ಅವರು ಮಾಡುತ್ತಿದ್ದ ಮುಖ್ಯ ಕೆಲಸ, ಬಳೆಗೆ ಹರಳು ಅಂಟಿಸುವುದು.

ಇಷ್ಟು ನಾಜೂಕಿನ ಕೆಲಸಕ್ಕೆ ಮಕ್ಕಳನ್ನೇ ಏಕೆ ಕೂರಿಸಬೇಕು ಎಂದು ಕೇಳಿದರೆ ಸಿಗುವ ಉತ್ತರ ಬಳೆಗೆ ಸೀಮಿತವಾದುದಲ್ಲ. ರತ್ನಗಂಬಳಿಯ ಗಂಟು, ರೇಷ್ಮೆಯ ಎಳೆ, ಬೆಂಕಿಪೊಟ್ಟಣದ ಕಡ್ಡಿ, ಬೀಡಿ, ಜರಿ ಕಸೂತಿ, ಹತ್ತಿ ಹೂವು, ಎಲ್ಲ ಕಡೆಯೂ ಒಂದೇ ಮಾತು: ಮಕ್ಕಳ ಬೆರಳು ಸಣ್ಣ, ಮೃದು, ಚುರುಕು, ದೊಡ್ಡವರ ಕೈಗೆ ಅದು ಬಗ್ಗದು. ನೂರೈವತ್ತು ವರ್ಷಕ್ಕೂ ಮೀರಿದ ಈ ವಾದದ ಮೇಲೆ ಕಾನೂನುಗಳು ಬಂದಿವೆ, ವಿನಾಯಿತಿಗಳು ಸಿಕ್ಕಿವೆ, ಒಂದು ಸಲ ನಮ್ಮ ಸುಪ್ರೀಂ ಕೋರ್ಟೂ ಇದನ್ನು ಒಪ್ಪಿಕೊಂಡಿದೆ. ವಾದ ನಿಜವೇ ಎಂದು ನೋಡಲು ಒಂದು ದಾರಿಯಿದೆ. ಮಗುವಿನ ಕೈ ಹಿಡಿತ ವಯಸ್ಸಿನೊಂದಿಗೆ ಹೇಗೆ ಬೆಳೆಯುತ್ತದೆ ಎಂಬುದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಎರಡು ಕತೆಗಳನ್ನೂ ಅಕ್ಕಪಕ್ಕ ಇಟ್ಟು ನೋಡೋಣ.

ರೇಷ್ಮೆಗೆ ಸಿಕ್ಕ ವಿನಾಯಿತಿ

ಬ್ರಿಟನ್ನಿನ 1833ರ ಕಾರ್ಖಾನೆ ಕಾಯ್ದೆ ಒಂಬತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಬಟ್ಟೆ ಗಿರಣಿಗಳಲ್ಲಿ ದುಡಿಸಬಾರದು ಎಂದಿತು. ರೇಷ್ಮೆ ಗಿರಣಿಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಅದನ್ನು ಸಮರ್ಥಿಸಲು ಗಿರಣಿಗಳವರು ಮುಂದಿಟ್ಟ ಕಾರಣ, ರೇಷ್ಮೆ ನವುರಾದ ಸರಕು, ಅದಕ್ಕೆ ಹಗುರವಾದ ಸ್ಪರ್ಶ ಬೇಕು, ಚಿಕ್ಕಂದಿನಲ್ಲೇ ಗಿರಣಿಗೆ ಸೇರಿದರಷ್ಟೇ ಆ ಸ್ಪರ್ಶ ಕೈಗೆ ಬರುತ್ತದೆ ಎಂಬುದು. 1835ರಲ್ಲಿ ಆಂಡ್ರೂ ಯೂರ್ ಎಂಬ ರಸಾಯನಶಾಸ್ತ್ರಜ್ಞ ಗಿರಣಿಗಳನ್ನು ಹೊಗಳಿ ಬರೆದ ಪುಸ್ತಕದಲ್ಲಿ, ತುಂಡಾದ ನೂಲನ್ನು ಜೋಡಿಸುವ ಮಕ್ಕಳ ಚುರುಕನ್ನು ಆಟ ನೋಡಿದಷ್ಟು ಸಂತೋಷದಿಂದ ಬಣ್ಣಿಸಿದ. ಮೂವತ್ತೆರಡು ವರ್ಷಗಳ ನಂತರ ಕಾರ್ಲ್ ಮಾರ್ಕ್ಸ್ ‘ಬಂಡವಾಳ’ದಲ್ಲಿ ಈ ರೇಷ್ಮೆ ವಿನಾಯಿತಿಯನ್ನು ಎತ್ತಿಕೊಂಡು, ದಕ್ಷಿಣ ರಷ್ಯಾದಲ್ಲಿ ಚರ್ಮಕ್ಕೂ ಕೊಬ್ಬಿಗೂ ದನಗಳನ್ನು ಕಡಿಯುವುದಕ್ಕೆ ಅದನ್ನು ಹೋಲಿಸಿದ. ಅಲ್ಲಿ ಚರ್ಮ ಮತ್ತು ಕೊಬ್ಬು, ಇಲ್ಲಿ ನಾಜೂಕು ಬೆರಳು.

ಭಾರತದ ಮೊದಲ ಕಾರ್ಖಾನೆ ಕಾಯ್ದೆ ಬಂದದ್ದು 1881ರಲ್ಲಿ. ಅದು ಏಳು ವರ್ಷದೊಳಗಿನ ಮಕ್ಕಳನ್ನು ಮಾತ್ರ ಹೊರಗಿಟ್ಟಿತು. ಏಳು ತುಂಬಿದವರು ದಿನಕ್ಕೆ ಒಂಬತ್ತು ತಾಸು ದುಡಿಯಬಹುದಿತ್ತು. 1891ರಲ್ಲಿ ವಯಸ್ಸಿನ ಮಿತಿ ಒಂಬತ್ತಕ್ಕೆ ಏರಿತು. 1938ರ ಮಕ್ಕಳ ಉದ್ಯೋಗ ಕಾಯ್ದೆಗೆ ಮರುವರ್ಷ ತಿದ್ದುಪಡಿಯಾದಾಗ ಅದರ ಪಟ್ಟಿಯಲ್ಲಿ ಬೀಡಿ, ರತ್ನಗಂಬಳಿ, ಬೆಂಕಿಪೊಟ್ಟಣದ ಜೊತೆಗೆ ಅರಗು ತಯಾರಿಕೆಯೂ ಇತ್ತು. ಆದರೆ ಇವು ಬ್ರಿಟಿಷ್ ಇಂಡಿಯಾದ ಕಾನೂನುಗಳು. ನಿಜಾಮರ ಸೀಮೆಗೆ ಅವು ನೇರವಾಗಿ ಅನ್ವಯಿಸುತ್ತಿರಲಿಲ್ಲ. ಸಾಲದ್ದಕ್ಕೆ, ಮನೆಯವರೇ ಸೇರಿ ಮನೆಯಲ್ಲೇ ಮಾಡುವ ಕೆಲಸವನ್ನು ಕಾನೂನು ಮುಟ್ಟದೆ ಬಿಡುತ್ತ ಬಂತು. ಬಳೆಯಂಥ ಕಸುಬು ಬದುಕಿದ್ದೇ ಮನೆಯೊಳಗೆ.

ಹುಟ್ಟಿದ ಮುಷ್ಟಿ, ಕಲಿತ ಚಿಮಟಿಗೆ

ಈಗ ಕೈಯ ಕತೆ. ಕೂಸಿನ ಅಂಗೈಗೆ ಬೆರಳು ತಾಗಿಸಿದರೆ ಅದು ಗಟ್ಟಿಯಾಗಿ ಹಿಡಿದುಕೊಳ್ಳುವುದನ್ನು ಎಲ್ಲರೂ ಕಂಡಿದ್ದೇವೆ. 1891ರಲ್ಲಿ ಇಂಗ್ಲೆಂಡಿನ ವೈದ್ಯ ಲೂಯಿಸ್ ರಾಬಿನ್ಸನ್, ಹುಟ್ಟಿ ಒಂದು ತಾಸೂ ಆಗದ ಹಲವಾರು ಕೂಸುಗಳಿಗೆ ಒಂದು ಕೋಲು ಹಿಡಿಸಿ ಮೇಲೆತ್ತಿ ನೋಡಿದ. ಬಹುತೇಕ ಎಲ್ಲ ಕೂಸುಗಳೂ ಹತ್ತು ಸೆಕೆಂಡಾದರೂ ತಮ್ಮ ಭಾರ ತಾವೇ ಹೊತ್ತು ನೇತಾಡಿದವು. ಈ ಹಿಡಿತ ಮಗುವಿನ ಇಚ್ಛೆಯದಲ್ಲ. ಅಂಗೈಗೆ ಏನೋ ತಾಗಿತು, ಮುಷ್ಟಿ ಮುಚ್ಚಿತು, ಅಷ್ಟೆ. ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ಅದು ಮಾಯವಾಗುತ್ತದೆ. ಆಮೇಲೆ ಮಗು ಹಿಡಿಯುವುದನ್ನು ಮೊದಲಿನಿಂದ ಕಲಿಯಬೇಕು.

ಆ ಕಲಿಕೆಯನ್ನು ಸಿನಿಮಾ ರೀಲಿನಲ್ಲಿ ಹಿಡಿದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಚ್.ಎಂ. ಹಾಲ್ವರ್ಸನ್. 1931ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 16 ವಾರದಿಂದ 52 ವಾರದ ಕೂಸುಗಳ ಮುಂದೆ ಒಂದು ಸಣ್ಣ ಘನವನ್ನಿಟ್ಟು, ಅವು ಅದನ್ನು ಹಿಡಿಯುವ ಬಗೆಗಳನ್ನು ಹತ್ತು ವಿಧವಾಗಿ ವಿಂಗಡಿಸಿದರು. ಮೊದಮೊದಲು ಇಡೀ ಅಂಗೈಯಿಂದ ಬಾಚಿಕೊಳ್ಳುವುದು, ನಂತರ ಹೆಬ್ಬೆರಳು ಎದುರಿಗೆ ಬರುವುದು, ವರ್ಷ ತುಂಬುವ ಹೊತ್ತಿಗೆ ಹೆಬ್ಬೆರಳು ತೋರುಬೆರಳ ತುದಿಗಳ ನಡುವೆ ಹಿಡಿಯುವುದು. ನೆಲದ ಮೇಲೆ ಬಿದ್ದ ಅಕ್ಕಿಕಾಳನ್ನು ಮಗು ಎರಡು ಬೆರಳಲ್ಲಿ ಹೆಕ್ಕಿ ಬಾಯಿಗಿಟ್ಟುಕೊಳ್ಳುವ ವಯಸ್ಸದು.

ಇದಕ್ಕೆ ಮಿದುಳಿನಲ್ಲಿ ತಯಾರಿ ಬೇಕು. ಡಚ್ ಅಂಗರಚನಾಶಾಸ್ತ್ರಜ್ಞ ಕೈಪರ್ಸ್ 1962ರಲ್ಲಿ ಕೋತಿಮರಿಗಳಲ್ಲಿ ತೋರಿಸಿದಂತೆ, ಮಿದುಳಿನ ಹೊರಪದರದಿಂದ ಬೆನ್ನುಹುರಿಯ ನರಕೋಶಗಳಿಗೆ ನೇರವಾಗಿ ತಲುಪುವ ಸಂಪರ್ಕಗಳು ಹುಟ್ಟಿದಾಗ ಸಿದ್ಧವಿರುವುದಿಲ್ಲ. ತಿಂಗಳುಗಟ್ಟಲೆ ಬೆಳೆದು ಕೂಡಿಕೊಳ್ಳುತ್ತವೆ. ಒಂದೊಂದು ಬೆರಳನ್ನು ಬೇರೆಬೇರೆಯಾಗಿ ಆಡಿಸುವ ಶಕ್ತಿ ಆ ಸಂಪರ್ಕಗಳ ಜೊತೆಗೇ ಬರುತ್ತದೆ.

ಬೆರಳು ಸರಿಯಾದ ಆಕಾರಕ್ಕೆ ಬಂದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಎಷ್ಟು ಒತ್ತಿ ಹಿಡಿಯಬೇಕು? ಕಡಿಮೆಯಾದರೆ ವಸ್ತು ಜಾರುತ್ತದೆ, ಹೆಚ್ಚಾದರೆ ಒಡೆಯುತ್ತದೆ ಅಥವಾ ಕೈ ಸೋಲುತ್ತದೆ. ಸ್ವೀಡನ್ನಿನ ಉಮಿಯೊ ನಗರದಲ್ಲಿ ರೋಲಂಡ್ ಯೊಹಾನ್ಸನ್ ಮತ್ತು ಯೊರಾನ್ ವೆಸ್ಟ್ಲಿಂಗ್ 1984ರಲ್ಲಿ ಇದನ್ನು ಅಳೆದರು. ಒಳಗೆ ಬಲಮಾಪಕ ಇಟ್ಟ ಒಂದು ಪುಟ್ಟ ವಸ್ತುವನ್ನು ಜನರಿಂದ ಎತ್ತಿಸಿದರು. ದೊಡ್ಡವರಲ್ಲಿ ಹಿಡಿಯುವ ಬಲವೂ ಎತ್ತುವ ಬಲವೂ ಒಟ್ಟಿಗೇ, ಒಂದೇ ಲಯದಲ್ಲಿ ಏರುತ್ತವೆ. ಹಿಡಿತ ಜಾರುವ ಮಟ್ಟಕ್ಕಿಂತ ತುಸುವೇ ಮೇಲಿರುತ್ತದೆ. ತುದಿಬೆರಳಿನ ಚರ್ಮ ಸಣ್ಣ ಜಾರಿಕೆಯನ್ನೂ ಗುರುತಿಸುತ್ತದೆ, ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯುವುದರೊಳಗೆ ಹಿಡಿತ ಬಿಗಿಯಾಗುತ್ತದೆ. ಕಾಫಿ ಲೋಟ ಎತ್ತುವಾಗ ನಾವು ಯೋಚಿಸದೆ ಮಾಡುವ ಲೆಕ್ಕ ಇದು.

1991ರಲ್ಲಿ ಹಾನ್ಸ್ ಫೊರ್ಸ್‌ಬರ್ಗ್ ಮತ್ತು ಸಂಗಡಿಗರು ಅದೇ ಬಗೆಯ ಸಾಧನವನ್ನು ಮಕ್ಕಳ ಕೈಗೆ ಕೊಟ್ಟರು. ಎಂಟು ತಿಂಗಳ ಕೂಸಿನಿಂದ ಹದಿನೈದು ವರ್ಷದವರ ತನಕ ಎಲ್ಲ ವಯಸ್ಸಿನವರೂ ಇದ್ದರು. ಎರಡು ವರ್ಷದೊಳಗಿನ ಮಕ್ಕಳು ಮೊದಲು ವಸ್ತುವನ್ನು ಒತ್ತಿ ಹಿಡಿಯುತ್ತಿದ್ದರು, ಎಷ್ಟೋ ಸಲ ಕೆಳಕ್ಕೆ ಅದುಮುತ್ತಿದ್ದರು, ಆಮೇಲೆ ಎತ್ತುತ್ತಿದ್ದರು. ಬಲ ಒಂದೇ ಓಟದಲ್ಲಿ ಏರದೆ ಏರಿಳಿದು ತಡವರಿಸುತ್ತಿತ್ತು. ಹಿಂದಿನ ಸಲದ ಭಾರ ನೆನಪಿಟ್ಟು ಈ ಸಲ ಮುಂಚಿತವಾಗಿಯೇ ಬಲ ಹೊಂದಿಸುವ ಜಾಣ್ಮೆ ಎರಡನೇ ವರ್ಷದಲ್ಲಿ ಮೊಳೆಯುತ್ತದೆ. ಗಾತ್ರ ನೋಡಿ ಭಾರ ಅಂದಾಜಿಸುವುದು ಮೂರರ ಆಸುಪಾಸಿನಲ್ಲಿ ಬರುತ್ತದೆ. ನುಣುಪು ಮೇಲ್ಮೈಗೂ ಒರಟು ಮೇಲ್ಮೈಗೂ ಹಿಡಿತ ಬದಲಿಸಿಕೊಳ್ಳಲು ಚಿಕ್ಕ ಮಕ್ಕಳಿಗೆ ದೊಡ್ಡವರಿಗಿಂತ ಹೆಚ್ಚು ಸಲ ಎತ್ತಿ ನೋಡಬೇಕಾಗುತ್ತದೆ. ಅಲ್ಲಿಯವರೆಗೆ ಅವರು ಎಚ್ಚರಿಕೆಗಾಗಿ ಬೇಕಾದ್ದಕ್ಕಿಂತ ಹೆಚ್ಚೇ ಒತ್ತುತ್ತಾರೆ. ಆರರಿಂದ ಎಂಟು ವರ್ಷಕ್ಕೆ ಹಿಡಿತ ಹೆಚ್ಚುಕಡಿಮೆ ದೊಡ್ಡವರಂತೆ ಕಂಡರೂ ಸೂಕ್ಷ್ಮ ಸುಧಾರಣೆ ಹದಿಹರೆಯದ ತನಕ ನಡೆಯುತ್ತಲೇ ಇರುತ್ತದೆ.

ನಮ್ಮ ಹಿರಿಯರಿಗೆ ಇದರ ಅಂದಾಜು ಇದ್ದಂತಿದೆ. ತೆಲಂಗಾಣದ ಬಾಸರದ ಸರಸ್ವತಿ ಗುಡಿಯಲ್ಲಾಗಲಿ, ನಮ್ಮ ಮನೆಗಳಲ್ಲಾಗಲಿ, ಅಕ್ಷರಾಭ್ಯಾಸದಲ್ಲಿ ಮಗು ತಟ್ಟೆಯ ಅಕ್ಕಿಯ ಮೇಲೆ ಬೆರಳಿನಿಂದ ಬರೆಯುತ್ತದೆ. ಬೆರಳಿನಿಂದ ಬರೆಯಲು ಏನನ್ನೂ ಹಿಡಿಯಬೇಕಿಲ್ಲ. ಬಳಪವನ್ನು ಮೂರು ಬೆರಳ ನಡುವೆ ಹಿಡಿದು, ಬೆರಳನ್ನಷ್ಟೇ ಆಡಿಸಿ ಬರೆಯುವ ಹಿಡಿತ ಬಹುಪಾಲು ಮಕ್ಕಳಿಗೆ ನಾಲ್ಕರಿಂದ ಏಳು ವರ್ಷದೊಳಗೆ ಕೂಡಿಬರುತ್ತದೆ.

ಕಾರ್ಖಾನೆಯದೇ ಅಳತೆಗೋಲು

ಪ್ರಯೋಗಾಲಯದ ವಸ್ತು ಬೇರೆ, ಕಸುಬಿನ ಕೆಲಸ ಬೇರೆ ಎನ್ನಬಹುದು. ಅದಕ್ಕೂ ಉತ್ತರವಿದೆ. 1948ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜೋಸೆಫ್ ಟಿಫಿನ್, ಸೂಕ್ಷ್ಮ ಜೋಡಣೆಯ ಕೆಲಸಕ್ಕೆ ಕಾರ್ಮಿಕರನ್ನು ಆರಿಸಲೆಂದೇ ಒಂದು ಹಲಗೆ ಮಾಡಿದರು. ಎರಡು ಸಾಲು ತೂತು, ಸಣ್ಣ ಲೋಹದ ಕಡ್ಡಿಗಳು. ಮೂವತ್ತು ಸೆಕೆಂಡಿನಲ್ಲಿ ಎಷ್ಟು ಕಡ್ಡಿಯನ್ನು ತೂತಿಗೆ ಇಳಿಸುತ್ತೀರಿ ಎಂಬುದೇ ಪರೀಕ್ಷೆ. ಹರಳು ಕೂರಿಸುವ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಪರೀಕ್ಷೆ ಸಿಗುವುದು ಕಷ್ಟ. 1979ರಲ್ಲಿ ಐದರಿಂದ ಹದಿನೈದು ವರ್ಷದ ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳಿಗೆ ಈ ಪರೀಕ್ಷೆ ಕೊಟ್ಟು ನೋಡಿದಾಗ ವಯಸ್ಸು ಏರಿದಂತೆ ಅಂಕವೂ ಏರಿತು. ದೊಡ್ಡವರನ್ನು ಆರಿಸಲು ಕಾರ್ಖಾನೆಗೆಂದು ಮಾಡಿದ ಅಳತೆಗೋಲಿನಲ್ಲೇ ಚಿಕ್ಕ ಮಕ್ಕಳು ಹಿಂದೆ ಬಿದ್ದರು.

ಹಾಗಾದರೆ ‘ಸಣ್ಣ ಬೆರಳು’ ಎಂಬ ಮಾತಿನಲ್ಲಿ ಹುರುಳೇ ಇಲ್ಲವೇ? ಒಂದು ಎಳೆ ಇದೆ. 2009ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು, ತುದಿಬೆರಳು ಸಣ್ಣದಿದ್ದವರು ಚರ್ಮಕ್ಕೆ ತಾಗಿದ ಸೂಕ್ಷ್ಮ ಗೆರೆಗಳನ್ನು ಹೆಚ್ಚು ಚೆನ್ನಾಗಿ ಗುರುತಿಸುತ್ತಾರೆಂದು ತೋರಿಸಿದರು. ಆದರೆ ಅವರು ಪರೀಕ್ಷಿಸಿದ್ದು ವಯಸ್ಕರನ್ನು. ಸಣ್ಣ ಬೆರಳಿನ ದೊಡ್ಡವರು ಎಲ್ಲ ಊರಲ್ಲೂ ಇದ್ದಾರೆ. ಅಲ್ಲದೆ, ಗೆರೆಯನ್ನು ಗುರುತಿಸುವುದು ಒಂದು, ಹರಳನ್ನು ಜಾಗಕ್ಕೆ ಒಯ್ದು ಸರಿಯಾದ ಬಲದಲ್ಲಿ ಒತ್ತುವುದು ಇನ್ನೊಂದು.

ಕಾರ್ಖಾನೆಯಲ್ಲಿ ಹತ್ತು ವರ್ಷದ ಹುಡುಗನ ಕೈ ಓಡುವುದನ್ನು ನೋಡಿದವರಿಗೆ ಅದು ಚುರುಕಾಗಿಯೇ ಕಾಣುತ್ತದೆ, ನಿಜ. ದಿನಕ್ಕೆ ಸಾವಿರ ಸಲ ಒಂದೇ ಕೆಲಸ ಮಾಡಿದ ಯಾವ ಕೈಯಾದರೂ ಓಡುತ್ತದೆ. ಆ ಚುರುಕು ಅಭ್ಯಾಸದ್ದು, ವಯಸ್ಸಿನದಲ್ಲ.

ಇದನ್ನು ಮಗ್ಗದ ಮುಂದೆಯೇ ಕೂತು ನೋಡಿದವರೂ ಇದ್ದಾರೆ. ಡೆಬೊರಾ ಲೆವಿಸನ್, ರಿಚರ್ಡ್ ಆಂಕರ್, ಶಾಹಿದ್ ಅಶ್ರಫ್, ಸಂಧ್ಯಾ ಬರ್ಗೆ ಅವರು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಾಗಿ ಭಾರತದ ರತ್ನಗಂಬಳಿ ಉದ್ಯಮವನ್ನು ಅಧ್ಯಯನ ಮಾಡಿ 1996ರಲ್ಲಿ ವರದಿ ಕೊಟ್ಟರು. ಎರಡು ಸಾವಿರಕ್ಕೂ ಹೆಚ್ಚು ನೇಕಾರರ ಲೆಕ್ಕ ಅದು. ಅತಿ ಸೂಕ್ಷ್ಮ ಗಂಟು ಹಾಕುವುದರಲ್ಲಿ ಮಕ್ಕಳು ದೊಡ್ಡವರನ್ನು ಮೀರಿಸಿರಲಿಲ್ಲ. ಗಂಟು ದಟ್ಟವಾಗಿರುವ ಅತ್ಯುತ್ತಮ ಕಂಬಳಿಗಳಲ್ಲಿ ಕೆಲವನ್ನು ನೇಯ್ದವರು ದೊಡ್ಡವರೇ. ಅದೇ ಸರಣಿಯ ಅಧ್ಯಯನಗಳು ಮಕ್ಕಳ ದುಡಿಮೆಯಿಂದ ಆಗುವ ಉಳಿತಾಯವನ್ನೂ ಲೆಕ್ಕ ಹಾಕಿದವು. ಗಿರಾಕಿ ಕೊಡುವ ಬೆಲೆಯಲ್ಲಿ ಅದು ಕಂಬಳಿಗೆ ನೂರಕ್ಕೆ 5ರಿಂದ 10, ಗಾಜಿನ ಬಳೆಗೆ ನೂರಕ್ಕೆ 5ಕ್ಕೂ ಕಡಿಮೆ. ಆದರೆ ಒಂದೆರಡು ಮಗ್ಗದ ಸಣ್ಣ ಮಾಲೀಕನಿಗೆ, ಗುತ್ತಿಗೆದಾರನಿಗೆ, ಆ ಪುಡಿಗಾಸೇ ದೊಡ್ಡ ಲಾಭ. ನೆಪ ಬೆರಳಿನದು, ಲೆಕ್ಕ ಕೂಲಿಯದು.

ಹತ್ತಿ ಹೂವಿನ ಸಾಕ್ಷಿ

ನಮ್ಮ ನೆಲದಲ್ಲೇ ಇದಕ್ಕೆ ಸ್ಪಷ್ಟ ಸಾಕ್ಷಿ ಹತ್ತಿ ಬೀಜದ ಹೊಲಗಳಲ್ಲಿದೆ. 1970ರಲ್ಲಿ ಸೂರತ್ತಿನಲ್ಲಿ ಸಿ.ಟಿ. ಪಟೇಲ್ ಎಚ್-4 ಎಂಬ ಮೊದಲ ಹೈಬ್ರಿಡ್ ಹತ್ತಿಯನ್ನು ತಂದರು. 1972ರಲ್ಲಿ ಧಾರವಾಡದಿಂದ ಬಿ.ಎಚ್. ಕಟರ್ಕಿಯವರ ವರಲಕ್ಷ್ಮಿ ತಳಿ ಬಂತು. ಹೈಬ್ರಿಡ್ ಬೀಜ ಮಾಡುವುದು ಕೈಕೆಲಸ. ನಾಳೆ ಅರಳಬೇಕಾದ ಮೊಗ್ಗಿನ ಗಂಡುಭಾಗವನ್ನು ಇಂದು ಉಗುರಿನಿಂದ ಬಿಡಿಸಿ ತೆಗೆಯಬೇಕು, ಮರುದಿನ ಬೆಳಗ್ಗೆ ಇನ್ನೊಂದು ತಳಿಯ ಹೂವು ತಂದು ಪರಾಗ ಸವರಬೇಕು. ಒಂದೊಂದು ಹೂವಿಗೂ ಹೀಗೆ, ತಿಂಗಳುಗಟ್ಟಲೆ.

ಆಗಿನ ಆಂಧ್ರದ ಮೆಹಬೂಬ್‌ನಗರ, ಕರ್ನೂಲು ಸೀಮೆಯ ಬೀಜದ ಹೊಲಗಳನ್ನು ಅಧ್ಯಯನ ಮಾಡಿದ ಹೈದರಾಬಾದಿನ ಸಂಶೋಧಕ ದಾವುಲೂರಿ ವೆಂಕಟೇಶ್ವರಲು, ಲೂಸಿಯಾ ಡ ಕೋರ್ಟಾ ಅವರೊಂದಿಗೆ 2001ರಲ್ಲಿ ಬರೆದ ಲೇಖನದ ವಿಷಯವೇ ಈ ಹೊಲಗಳಲ್ಲಿ ದುಡಿಯುವವರ ವಯಸ್ಸು ಮತ್ತು ಲಿಂಗ ಬದಲಾದ ಬಗೆ. ಮೊದಲು ದೊಡ್ಡವರು ಮಾಡುತ್ತಿದ್ದ ಕೆಲಸ ಬರಬರುತ್ತ ಹೆಣ್ಣುಮಕ್ಕಳ ಪಾಲಾಯಿತು. ಹೂವು ಅದೇ, ಗಿಡ ಅದೇ. ಅಪ್ಪ ಅಮ್ಮನಿಗೆ ಮುಂಗಡ ಕೊಟ್ಟು, ಕಡಿಮೆ ಕೂಲಿಗೆ, ಹೆಚ್ಚು ತಾಸು ದುಡಿಸಬಹುದಾದ ಕೈಗಳನ್ನು ಹುಡುಕಿದಾಗ ಮಕ್ಕಳ ಕೈ ಸಿಕ್ಕಿತು. ಹುಡುಗಿಯರ ಬೆರಳು ನಾಜೂಕು, ಗಿಡದ ಎತ್ತರಕ್ಕೆ ಅವರ ಎತ್ತರ ಹೊಂದುತ್ತದೆ ಎಂಬ ವಿವರಣೆ ಅದರ ಹಿಂದೆಯೇ ಬಂತು. ಮುಂದೆ ನಮ್ಮ ರಾಯಚೂರು, ಕೊಪ್ಪಳದ ಹೊಲಗಳಲ್ಲೂ ಇದೇ ಕಂಡಿತು. ರಾಮನಗರ, ಮಾಗಡಿಯ ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ಮಕ್ಕಳು ಕುದಿನೀರಿಗೆ ಕೈ ಅದ್ದುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ 2003ರ ವರದಿಯಲ್ಲಿ ದಾಖಲಿಸಿತು. ಬ್ರಿಟನ್ನಿನ ರೇಷ್ಮೆ ವಿನಾಯಿತಿಗೆ ಆಗ ನೂರೆಪ್ಪತ್ತು ವರ್ಷ ತುಂಬಿತ್ತು.

ಕೋರ್ಟು, ಕಾಯ್ದೆ ಮತ್ತು ಶಾಲೆ

1979ರಲ್ಲಿ ಬಾಲಕಾರ್ಮಿಕರ ಸ್ಥಿತಿ ಪರಿಶೀಲಿಸಲು ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯ ಅಧ್ಯಕ್ಷರು ಮೈಸೂರು ಸೀಮೆಯ ಎಂ.ಎಸ್. ಗುರುಪಾದಸ್ವಾಮಿ. ಆ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲಿ 1986ರ ಬಾಲಕಾರ್ಮಿಕ (ನಿಷೇಧ ಮತ್ತು ನಿಯಂತ್ರಣ) ಕಾಯ್ದೆ ಬಂತು. ಹೆಸರಿನಲ್ಲೇ ಇರುವಂತೆ ಅರ್ಧ ನಿಷೇಧ, ಅರ್ಧ ನಿಯಂತ್ರಣ. 1990ರಲ್ಲಿ ಶಿವಕಾಶಿಯ ಬೆಂಕಿಪೊಟ್ಟಣ ಕಾರ್ಖಾನೆಗಳ ಕುರಿತ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತಯಾರಿಕೆಗೆ ಮಕ್ಕಳನ್ನು ಹಚ್ಚಬಾರದೆಂದಿತು. ಆದರೆ ತಯಾರಿಕೆಯ ಜಾಗದಿಂದ ದೂರದಲ್ಲಿ ಸರಕು ವಿಂಗಡಿಸಿ ಕಟ್ಟುವ ಕೆಲಸಕ್ಕೆ ಅವಕಾಶ ಕೊಟ್ಟಿತು. ಎಳೆಯರ ಮೃದು ಕೈಗಳು ಅದಕ್ಕೆ ಹೆಚ್ಚು ಸೂಕ್ತ ಎಂಬುದೂ ಅಲ್ಲಿ ಹೇಳಿದ ಕಾರಣಗಳಲ್ಲೊಂದು. ಆರು ವರ್ಷಗಳ ನಂತರ ಅದೇ ಪ್ರಕರಣದಲ್ಲಿ ಕೋರ್ಟಿನ ಧಾಟಿ ಬದಲಾಯಿತು. ನಿಯಮ ಮುರಿದು ದುಡಿಸಿಕೊಂಡ ಪ್ರತಿ ಮಗುವಿಗೆ ಮಾಲೀಕ 20,000 ರೂಪಾಯಿ ಕಟ್ಟಬೇಕೆಂದು 1996ರ ಡಿಸೆಂಬರಿನಲ್ಲಿ ಆದೇಶ ಬಂತು.

ಈ ನಡುವೆ ಹೈದರಾಬಾದಿನಲ್ಲಿ ಇನ್ನೊಂದು ಕೆಲಸ ಶುರುವಾಗಿತ್ತು. ಹೈದರಾಬಾದ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಶಾಂತಾ ಸಿನ್ಹಾ, ತಮ್ಮ ಅಜ್ಜ, ವಿದ್ವಾಂಸ ಮಾಮಿಡಿಪೂಡಿ ವೆಂಕಟರಂಗಯ್ಯನವರ ಹೆಸರಿನಲ್ಲಿ 1981ರಲ್ಲಿ ಹುಟ್ಟಿದ ಪ್ರತಿಷ್ಠಾನದ ಮೂಲಕ 1991ರಿಂದ ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳನ್ನು ದುಡಿಮೆಯಿಂದ ಬಿಡಿಸಿ ಶಾಲೆಗೆ ಸೇರಿಸತೊಡಗಿದರು. ಅಪಾಯದ ಕೆಲಸ, ಅಪಾಯವಿಲ್ಲದ ಕೆಲಸ ಎಂಬ ಭೇದವನ್ನು ಅವರು ಒಪ್ಪಲಿಲ್ಲ. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ ಎಂದರು. ಅದೇ ವರ್ಷ ಅಮೆರಿಕದ ರಾಜಕೀಯ ಶಾಸ್ತ್ರಜ್ಞ ಮೈರನ್ ವೀನರ್ ಭಾರತದ ಕುರಿತ ತಮ್ಮ ಪುಸ್ತಕದಲ್ಲಿ, ಇಲ್ಲಿ ಮಕ್ಕಳು ದುಡಿಯಲು ಬಡತನಕ್ಕಿಂತ ಹೆಚ್ಚಾಗಿ ಅಧಿಕಾರಿಗಳ ಮತ್ತು ಮಧ್ಯಮ ವರ್ಗದ ನಂಬಿಕೆಗಳೇ ಕಾರಣ ಎಂದು ವಾದಿಸಿದ್ದರು. ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2007ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮೊದಲ ಅಧ್ಯಕ್ಷೆಯಾದರು.

ಬೆರಳಿನ ವಾದ ಸೋತ ಕಡೆ ಇನ್ನೊಂದು ಬರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಕಸುಬು ಚಿಕ್ಕಂದಿನಲ್ಲೇ ಕೈಗೆ ಹತ್ತಬೇಕು, ಇಲ್ಲವಾದರೆ ಕಲೆ ಸಾಯುತ್ತದೆ ಎಂಬ ಕಳಕಳಿ. ಇದನ್ನು ತಳ್ಳಿಹಾಕುವಂತಿಲ್ಲ. ಮನೆಯ ಹಿರಿಯರ ಪಕ್ಕ ಕೂತು, ಶಾಲೆ ಮುಗಿದ ಮೇಲೆ ಒಂದಿಷ್ಟು ಹೊತ್ತು ಕಲಿಯುವುದು ಕಲಿಕೆಯೇ. ಆದರೆ ಗುರುವಿಲ್ಲದ ಕೋಣೆಯಲ್ಲಿ ವರ್ಷಗಟ್ಟಲೆ ಅದೇ ಹರಳನ್ನು ಅದೇ ಬಳೆಗೆ ಅಂಟಿಸುವ ಹುಡುಗ ಬಳೆಗಾರನಾಗುವುದಿಲ್ಲ. ಅರಗಿನ ಹದ, ಬಣ್ಣದ ಬೆರಕೆ, ವಿನ್ಯಾಸ, ಗಿರಾಕಿ, ಬೆಲೆ, ಯಾವುದೂ ಅವನ ಕೈಗೆ ಬರುವುದಿಲ್ಲ. ಕಸುಬಿನ ತುತ್ತತುದಿಯಲ್ಲಿ ಯಾರಿದ್ದಾರೆಂದು ನೋಡಲು ಬೀದರಿಗೆ ಹೋದರೆ ಸಾಕು. ಕಪ್ಪು ಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸುವ ಬಿದ್ರಿ ಕೆಲಸಕ್ಕೆ 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಆಗ ಅರವತ್ತು ದಾಟಿತ್ತು.

2016ರ ತಿದ್ದುಪಡಿ ಹದಿನಾಲ್ಕರೊಳಗಿನ ಮಕ್ಕಳ ಎಲ್ಲ ಉದ್ಯೋಗವನ್ನೂ ನಿಷೇಧಿಸಿತು. ಶಾಲೆಯ ನಂತರ ಕುಟುಂಬದ ಕಸುಬಿಗೆ ನೆರವಾಗುವುದನ್ನು ಹೊರತುಪಡಿಸಿತು. 1938ರಿಂದ ತೆರೆದೇ ಇದ್ದ ಮನೆಬಾಗಿಲು ಹೀಗೆ ಅರ್ಧ ತೆರೆದೇ ಉಳಿಯಿತು. ಒಬ್ಬ ಗುತ್ತಿಗೆದಾರ ಬಳೆ, ಹರಳು, ಅಂಟು ತಂದು ಮನೆಗೆ ಹಾಕಿ ಸಂಜೆ ಲೆಕ್ಕ ಮಾಡಿ ಒಯ್ದರೆ, ಅದು ಕುಟುಂಬದ ಕಸುಬೇ, ಕಾರ್ಖಾನೆಯೇ? ಈ ಪ್ರಶ್ನೆಯನ್ನು ಇನ್ಸ್‌ಪೆಕ್ಟರ್ ಆ ಮನೆಯ ಹೊಸ್ತಿಲಲ್ಲಿ ನಿಂತು ಬಿಡಿಸಬೇಕು.

ಹಾಗೆ ಬಿಡಿಸಿ ತಂದ ಮಗುವಿನ ಬಳಿ ಜನನ ಪತ್ರ ಇರದಿದ್ದರೆ ವಯಸ್ಸು ಹೇಗೆ ತಿಳಿಯುವುದು? ದಾಖಲೆ ಸಿಗದಾಗ ಎಲುಬಿನ ಪರೀಕ್ಷೆ ಮಾಡಿಸಬಹುದೆಂದು 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಹೇಳುತ್ತದೆ. ಅದಕ್ಕೆ ಸಾಮಾನ್ಯವಾಗಿ ತೆಗೆಯುವ ಎಕ್ಸ್-ರೇಗಳಲ್ಲಿ ಕೈ ಮತ್ತು ಮಣಿಕಟ್ಟಿನದೂ ಒಂದು. ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಎಲುಬುಗಳಿವೆ. ಹುಟ್ಟಿದಾಗ ಅವೆಲ್ಲ ಬರೀ ಮೃದ್ವಸ್ಥಿ, ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಒಂದೊಂದಾಗಿ ಗಟ್ಟಿಯಾಗುತ್ತ ಬಂದು, ಕೊನೆಯದು ಮೂಡುವ ಹೊತ್ತಿಗೆ ಮಗುವಿಗೆ ಒಂಬತ್ತೋ ಹನ್ನೆರಡೋ ವರ್ಷ. ಬೆರಳಿನ ಎಲುಬಿನ ತುದಿಗಳು ಬೆಸೆದುಕೊಳ್ಳುವುದು ಹದಿಹರೆಯದಲ್ಲಿ. ಮಕ್ಕಳ ಕೈ ಕೆಲಸಕ್ಕೆ ಹೇಳಿ ಮಾಡಿಸಿದ್ದು ಎನ್ನುವವರಿಗೆ ಆ ಚಿತ್ರದಲ್ಲಿ ಉತ್ತರವಿದೆ. ಕೈ ಇನ್ನೂ ಕಟ್ಟಿ ಮುಗಿದಿಲ್ಲ.

ಹೈದರಾಬಾದಿನ ಅರಗಿನ ಬಳೆಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಈ ಬಳೆ ಇದೇ ಊರಿನದು, ಇದೇ ಬಗೆಯದು ಎಂದು ಹೇಳಲು ಆ ಮುದ್ರೆ ನೆರವಾಗುತ್ತದೆ. ಮಾಡಿದ ಕೈಯ ವಯಸ್ಸು ಎಷ್ಟೆಂದು ಅದು ಹೇಳುವುದಿಲ್ಲ. ಲಾಡ್ ಬಜಾರಿನಲ್ಲಿ ಹೆಂಗಸರೂ ಗಂಡಸರೂ ಕೆಂಡದ ಮುಂದೆ ಕೂತು, ಗಿರಾಕಿಯ ಕಣ್ಣೆದುರೇ ಅರಗು ಹೊಸೆದು ಹರಳು ಕೂರಿಸಿ ಬಳೆ ಮಾಡಿಕೊಡುವ ಅಂಗಡಿಗಳು ಈಗಲೂ ಇವೆ. ಅಲ್ಲಿ ಒಂದು ಡಜನ್ ಬಳೆಗೆ ತುಸು ಹೆಚ್ಚು ಕೊಡಬೇಕಾಗಬಹುದು. ಎಷ್ಟು ಹೆಚ್ಚು ಎಂಬುದರ ಅಂದಾಜು ಮೇಲೆಯೇ ಬಂದಿದೆ, ನೂರು ರೂಪಾಯಿಯ ಗಾಜಿನ ಬಳೆಗೆ ಐದು ರೂಪಾಯಿಯೂ ಇಲ್ಲ.